ವಿದಾಯದ ಪುಸ್ತಕ

ನಿಷೇಧಿತ ಸುದ್ದಿಯನ್ನು ಇಂಟರ್ನೆಟ್ಟಿನಲ್ಲಿ ಹುಡುಕಿ ಓದುವವರ ಹೆಸರು, ವಿಳಾಸ ಕೊಡಿ ಎಂದು ಸರ್ಕಾರ ಎಂಟು ವರ್ಷದಿಂದ ಕೇಳುತ್ತಿತ್ತು. ಕೊಡುವುದಿಲ್ಲ ಎಂದ, ಆ ಹುಡುಕಾಟದ ಸೇವೆ ನಡೆಸುತ್ತಿದ್ದ ವಿದೇಶಿ ಕಂಪನಿ ಕೊನೆಗೆ ಆ ದೇಶವನ್ನೇ ಬಿಟ್ಟು ಹೊರಟಿತು.

ಕೊನೆಯ ದಿನ ಕಚೇರಿಯ ಗೇಟಿನ ಮುಂದೆ ಜನ ಹೂವು ತಂದು ರಾಶಿ ಹಾಕಿದರು. ಪಕ್ಕದ ಮೇಜಿನ ಮೇಲೆ ದಪ್ಪ ರಟ್ಟಿನ ಪುಸ್ತಕವೊಂದಿತ್ತು. ಊರು ಬಿಟ್ಟು ಹೋಗುವವರಿಗೆ ಹೆಸರು, ವಿಳಾಸ ಬರೆದುಕೊಡುವುದು ಅಲ್ಲಿಯ ರೂಢಿ. ಜನ ಸಾಲಾಗಿ ನಿಂತು, ಕಂಪನಿಯಿಂದಾಗಿ ತಾವು ಏನೇನು ಓದಿದೆವು ಎಂಬುದನ್ನೂ ಸೇರಿಸಿ ಬರೆದರು. ಅಳುತ್ತಲೇ ಬರೆದವರೂ ಇದ್ದರು. ಮೊದಲ ಪುಟದಲ್ಲಿ ಬರೆದವಳು ಕಚೇರಿಯ ಸ್ಥಳೀಯ ಮ್ಯಾನೇಜರ್.

ಸಂಜೆ ವಿದೇಶಿ ಮುಖ್ಯಸ್ಥ ಕೋಟು ಹಾಕಿಕೊಳ್ಳುತ್ತ ಅವಳಿಗೆ ಹೇಳಿದ, "ಒಂದೇ ಒಂದು ಹೆಸರನ್ನೂ ನಾವು ಬಿಟ್ಟುಕೊಡ್ಲಿಲ್ಲ. ನನಗಷ್ಟು ಸಾಕು. ಆ ಪುಸ್ತಕ ಮಾತ್ರ ನನ್ ಜೊತೆ ಬರ್ಲಿ. ಅದನ್ನ ಇಡ್ಬೇಕು ಅಂತ ನಿಮಗೆ ಹೊಳೆದಿದ್ದು ಒಳ್ಳೇದಾಯ್ತು."

ಅವಳು ಕೈಯಲ್ಲಿದ್ದ ಪೆಟ್ಟಿಗೆಯನ್ನು ಕೆಳಗಿಟ್ಟಳು.

"ನಾನಿಟ್ಟಿಲ್ಲ ಸರ್. ನೀವು ಇಡಿಸಿದ್ದು ಅಂದ್ಕೊಂಡಿದ್ದೆ."

ಇಬ್ಬರೂ ಮೆಟ್ಟಿಲಿಳಿದು ಗೇಟಿಗೆ ಓಡಿದರು. ಹೂವು ಇದ್ದಲ್ಲೇ ಇತ್ತು. ಮೇಜು ಖಾಲಿಯಾಗಿತ್ತು.

"ಪುಸ್ತಕ ಎಲ್ಲಪ್ಪಾ?" ಎಂದು ಅವಳು ಕಾವಲುಗಾರನನ್ನು ಕೇಳಿದಳು.

"ಬೆಳಿಗ್ಗೆ ತಂದಿಟ್ಟೋರೇ ಈಗ ಬಂದು ತಗೊಂಡು ಹೋದ್ರು ಮೇಡಂ," ಎಂದ ಅವನು. "ವಿಳಾಸ ಬರೀದೆ ಹೋದೋರು ಯಾರಾದ್ರೂ ಇದಾರಾ ಅಂತ ಕೇಳಿದ್ರು. ಒಬ್ರೂ ಇಲ್ಲ, ಎಲ್ಲಾರ ಹತ್ರಾನೂ ನಾನೇ ನಿಂತು ಬರೆಸಿದೀನಿ ಅಂದೆ."