ಅರವತ್ತೇಳು ಕೋಟಿ

ವಿಜ್ಞಾನ ಕ್ವಿಜ್‌ನ ಫೈನಲ್. ಕೊನೆಯ ಪ್ರಶ್ನೆ: "ಬೆಳಕು ಗಂಟೆಗೆ ಸುಮಾರು ಎಷ್ಟು ಕಿಲೋಮೀಟರ್ ಹೋಗುತ್ತದೆ?"

ತಬಸ್ಸುಮ್ ಹಾಳೆಯ ಮೇಲೆ ಗುಣಿಸಿ, "ನೂರೆಂಟು ಕೋಟಿ" ಎಂದಳು.

ತೀರ್ಪುಗಾರರು ಕಾರ್ಡು ನೋಡಿ "ತಪ್ಪು" ಎಂದರು.

ಎದುರು ತಂಡದ ಕೀರ್ತಿರಾಜ್ ಪೆನ್ನನ್ನೂ ಮುಟ್ಟದೆ "ಅರವತ್ತೇಳು ಕೋಟಿ" ಎಂದ. ಚಪ್ಪಾಳೆ ಬಿತ್ತು.

"ಸರ್, ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್. ನೀವೇ ಗುಣಿಸಿ ನೋಡಿ."

"ಸೋತ ಮೇಲೆ ವಾದ ಮಾಡ್ಬೇಡ, ಕೂತ್ಕೊಳಮ್ಮ!"

"ಹೊಟ್ಟೆಯುರಿ ಸರ್ ಅವಳಿಗೆ," ಎಂದು ಕೀರ್ತಿರಾಜ್ ನಕ್ಕ.

ಅವಳ ಕಿವಿ ಬಿಸಿಯಾಯಿತು. ಆದರೂ ಕೂರಲಿಲ್ಲ. ಗೊಣಗುತ್ತಲೇ ಗುಣಿಸಿದ ತೀರ್ಪುಗಾರರು ಪೆಚ್ಚಾದರು.

"ನಿಂದೇ ಸರಿ ಕಣಮ್ಮ. ಕಾರ್ಡಲ್ಲಿ ಯಾರೋ ಮೈಲಿ ಲೆಕ್ಕ ಬರ್ದಿದ್ದಾರೆ."

ತಬಸ್ಸುಮ್ ಕೀರ್ತಿರಾಜನತ್ತ ತಿರುಗಿದಳು.

"ಕಾರ್ಡಲ್ಲಿದ್ದ ತಪ್ಪು ನಿನ್ನ ಬಾಯಿಗೆ ಹೇಗೆ ಬಂತು?"