ಸುತ್ತಿಗೆಯ ಕೈ

ಹಳೆಯ ಪಿನ್‌ಬಾಲ್ ಮೆಷಿನ್ನಿನ ಹೊಟ್ಟೆಯೊಳಗೆ ಇಕ್ಕಳ ತೂರಿಸಿ ಎಳೆದಾಗ ಬಂದದ್ದು ಒಂದು ಕಬ್ಬಿಣದ ವಾಷರ್. ಅದಕ್ಕೆ ಅರ್ಧ ಕರಕಲಾದ ಒಂದು ತುಂಡು ದಾರ. ಲಿಫ್ಟ್ ರಿಪೇರಿ ಮಾಡುವ ಅಣ್ಣ ಅದನ್ನು ಬೆಳಕಿಗೆ ಹಿಡಿದು ನೋಡಿದ. ನೋಡಿದವನೇ ಸದ್ದಿಲ್ಲದೆ ಅಂಗಿಯ ಜೇಬಿಗೆ ಇಳಿಸಿದ. ಐವತ್ತೆರಡು ವರ್ಷದ ಗಂಡಸಿನ ಕಿವಿ ಕೆಂಪಾಗಿತ್ತು.

"ಏನಣ್ಣಾ ಸಿಕ್ತು?" ಬಾಗಿಲ ಬಳಿಯಿಂದಲೇ ತಂಗಿ ಕೇಳಿದಳು.

"ಏನಿಲ್ಲ ಬಿಡು, ಕಸ."

ಆ ಪಿನ್‌ಬಾಲ್ ಮೆಷಿನ್ ಒಂದು ಕಾಲಕ್ಕೆ ಅಪ್ಪನ ಕಟಿಂಗ್ ಅಂಗಡಿಯಲ್ಲಿತ್ತು. ಸರದಿ ಕಾಯುವವರು ಕಾಸು ಹಾಕಿ ಉಕ್ಕಿನ ಗುಂಡು ಚಿಮ್ಮಿಸಿ ಆಡುತ್ತಿದ್ದರು. ಮೂವತ್ತೆಂಟು ವರ್ಷದ ಹಿಂದೆ ಒಂದು ಮಧ್ಯಾಹ್ನ, ಹತ್ತು ವರ್ಷದ ತಂಗಿ ಕೈತಪ್ಪಿ ಹೋಗುತ್ತಿದ್ದ ಗುಂಡನ್ನು ಉಳಿಸಿಕೊಳ್ಳಲು ಮೆಷಿನ್ನನ್ನೇ ಹಿಡಿದು ಅಲ್ಲಾಡಿಸಿಬಿಟ್ಟಳು. ಟಪ್ ಅಂತ ಒಂದು ಸದ್ದು, ಸುಟ್ಟ ವಾಸನೆ, ಅಲ್ಲಿಗೆ ಮುಗಿಯಿತು. ಅಪ್ಪ ಕತ್ತರಿ ಹಿಡಿದುಕೊಂಡೇ ಓಡಿಬಂದು, "ನಿಂದೇನು ಕೈಯೋ ಸುತ್ತಿಗೆಯೋ!" ಅಂದ. ಅವತ್ತಿನಿಂದ ಅವಳ ಹೆಸರೇ ಸುತ್ತಿಗೆ.

"ಸುತ್ತಿಗೆ ಬಂದ್ಲು, ಗಾಜಿನ ಲೋಟ ಎತ್ತಿಡಿ" ಅಂತ ಮನೆಮಂದಿಯೆಲ್ಲ ನಗುತ್ತಿದ್ದರು. ಅವಳೂ ನಗುತ್ತಿದ್ದಳು. ನಗುತ್ತಲೇ ಎರಡೂ ಕೈ ಕಂಕುಳಲ್ಲಿ ಸಿಕ್ಕಿಸಿಕೊಳ್ಳುತ್ತಿದ್ದಳು. ಅಣ್ಣನೇ ರಿಪೇರಿ ಮಾಡಿದ ಲಿಫ್ಟಿನಲ್ಲೂ ಬಟನ್ ಬೇರೆಯವರು ಒತ್ತಬೇಕು, ಯಾರೂ ಇಲ್ಲದಿದ್ದರೆ ಏದುಸಿರು ಬಿಟ್ಟುಕೊಂಡು ಮೆಟ್ಟಿಲು ಹತ್ತುತ್ತಾಳೆ. ಈಗ ಅಣ್ಣನ ಮಗಳಿಗೆ ಹೆಣ್ಣುಮಗು ಹುಟ್ಟಿ ಇಪ್ಪತ್ತು ದಿನ. ಸುತ್ತಿಗೆ ದಿನಾ ಬರುತ್ತಾಳೆ, ತೊಟ್ಟಿಲ ಪಕ್ಕ ನಿಂತು ಕಣ್ತುಂಬ ನೋಡುತ್ತಾಳೆ. ಎತ್ತಿಕೋ ಅಂದರೆ ಸಾಕು, "ಅಯ್ಯೋ ಬೇಡಪ್ಪ, ನನ್ನ ಕೈ ಗೊತ್ತಲ್ಲ ನಿಮಗೆ" ಅಂತ ಎರಡು ಹೆಜ್ಜೆ ಹಿಂದೆ ಸರಿಯುತ್ತಾಳೆ.

ಅಣ್ಣ ನಾಲ್ಕು ತಿಂಗಳಿಂದ ಈ ಮೆಷಿನ್ನಿನ ಬೆನ್ನು ಹತ್ತಿದ್ದ. ಮುಂದಿನ ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲ. ರಬ್ಬರ್ ಬಳೆಗಳು ಬೇಳೆ ಡಬ್ಬಿಯಲ್ಲಿ, ಪುಟಾಣಿ ಬಲ್ಬುಗಳು ಮೊಟ್ಟೆಯ ಟ್ರೇಯಲ್ಲಿ, ತುಕ್ಕು ಹಿಡಿದ ಸ್ವಿಚ್ಚುಗಳ ನಾಲಿಗೆ ಉಜ್ಜಲು ಹೆಂಡತಿಯ ಉಗುರಿನ ಅರ. ಎಲ್ಲ ಸರಿಮಾಡಿದರೂ ಹೊಸ ಫ್ಯೂಸ್ ಹಾಕಿದಾಗಲೆಲ್ಲ ಅದೇ ಟಪ್. ಇವತ್ತು ವಾಷರ್ ಹೊರಗೆ ಬಂದ ಮೇಲೆ ಫ್ಯೂಸ್ ಹಾಕಿ ಸ್ವಿಚ್ ಒತ್ತಿದ. ಗುಂಯ್ ಅಂತು. ಬಲ್ಬುಗಳು ಒಂದೊಂದಾಗಿ ಕಣ್ಣು ಬಿಟ್ಟವು, ಗುಂಡು ಉರುಳಿಬಂದು ತನ್ನ ಜಾಗದಲ್ಲಿ ನಿಂತಿತು. ಕುಣಿದಾಡಬೇಕಾದ ಹೊತ್ತಿನಲ್ಲಿ ಹಾಳಾದ್ದು ಜೇಬಿನ ಮೇಲೆಯೇ ಅವನ ಧ್ಯಾನ.

"ಬಾರೇ, ಮೊದಲ ಆಟ ನಿಂದು."

"ಹೋಗಣ್ಣಾ! ನಾಲ್ಕು ತಿಂಗಳು ಒದ್ದಾಡಿ ಸರಿಮಾಡಿದ್ದೀಯ, ನಾನು ಮುಟ್ಟಿ ಮಣ್ಣುಪಾಲು ಮಾಡ್ಲಾ?" ಅಂದು ನಕ್ಕಳು. ಕೈಗಳು ಆಗಲೇ ಕಂಕುಳು ಸೇರಿದ್ದವು.

ಆ ನಗುವನ್ನು ಅವನಿಗೆ ತಡೆದುಕೊಳ್ಳಲಾಗಲಿಲ್ಲ. ವಾಷರ್ ತೆಗೆದು ಅವಳ ಮುಂದೆ ಹಿಡಿದ.

"ಇದು ನಂದು ಕಣೇ. ಕಾಸಿಲ್ಲದೆ ಆಡೋಕೆ ಇದಕ್ಕೆ ದಾರ ಕಟ್ಟಿ ಕಾಸು ಹಾಕೋ ತೂತಿನೊಳಗೆ ಇಳಿಬಿಡ್ತಿದ್ದೆ, ಆಮೇಲೆ ಎಳ್ಕೊಳ್ತಿದ್ದೆ. ಅವತ್ತು ಬೆಳಿಗ್ಗೆ ದಾರ ಕಿತ್ತುಹೋಯ್ತು. ಒಳಗೇ ಉಳಿದ ಇದು ಆಮೇಲೆ ಜಾರಿ ಹೋಗಿ ಎರಡು ತಂತಿ ಮಧ್ಯೆ ಕೂತಿತ್ತು. ಮೆಷಿನ್ ಸುಟ್ಟಿದ್ದು ಇದ್ರಿಂದ. ನಿನ್ನಿಂದ ಅಲ್ಲ."

"ನಿಂಗೆ ಆಗ್ಲೇ ಗೊತ್ತಿತ್ತಾ?"

"ಬಿದ್ದಿದ್ದು ಗೊತ್ತಿತ್ತು. ಅದ್ರಿಂದ್ಲೇ ಕೆಟ್ಟಿತಾ ಅಂತ... ಅನುಮಾನ ಇತ್ತು. ಅಪ್ಪ ಚರ್ಮ ಸುಲೀತಾನೆ ಅಂತ ಬಾಯಿ ಬಿಡ್ಲಿಲ್ಲ. ಆಮೇಲೆ ಎಲ್ರೂ ನಗ್ತಿದ್ರು. ನೀನೂ ನಗ್ತಿದ್ಯಲ್ಲ..."

ಅವಳು ವಾಷರ್ ಇಸಿದುಕೊಂಡು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು. ಅಂಚಿನಲ್ಲಿ ಸುಟ್ಟ ಕಲೆ. "ಮೂವತ್ತೆಂಟು ವರ್ಷ," ಅಂದಳು. ಅಣ್ಣ ತಲೆ ಬಗ್ಗಿಸಿ ನಿಂತ. "ಕಳ್ಳ ಭಡವ!" ಅಂತ ಅವನ ಬೆನ್ನಿಗೊಂದು ಗುದ್ದು ಬಿತ್ತು. ಮರುಕ್ಷಣವೇ ಅವಳು ಸರಸರನೆ ಹೋಗಿ ಗುಂಡು ಚಿಮ್ಮಿಸಿ, ಮೆಷಿನ್ನಿನ ಎರಡೂ ಪಕ್ಕ ಹಿಡಿದು, ಇಷ್ಟು ವರ್ಷದ ಸಿಟ್ಟನ್ನೆಲ್ಲ ಸೇರಿಸಿ ಗಡಗಡ ಅಲ್ಲಾಡಿಸಿದಳು.

ಒಂದು ಕೆಂಪು ದೀಪ ಹತ್ತಿತು. ಮಿಕ್ಕದ್ದೆಲ್ಲ ಸ್ತಬ್ಧ. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ.

"ಕೆಟ್ಟೋಯ್ತಾ?"

"ಇಲ್ವೇ, ಹುಚ್ಚಿ. ಜೋರಾಗಿ ಅಲ್ಲಾಡಿಸಿದ್ರೆ ಹಾಗೇ ಮುನಿಸ್ಕೊಳ್ಳುತ್ತೆ, ಅದನ್ನ ಮಾಡಿರೋದೇ ಹಾಗೆ. ಇನ್ನೊಂದು ಗುಂಡು ಬಿಡು, ಸರಿಹೋಗುತ್ತೆ."

ಬಿಟ್ಟಳು. ಸರಿಹೋಯಿತು. ಮೆಷಿನ್ನಿನ ಗಂಟೆಗಳು ಟಣಟಣ ಬಾರಿಸಿದ್ದಕ್ಕೆ ಒಳಗಿನಿಂದ ಮಗು ಕಿಟಾರನೆ ಕಿರುಚಿತು. ಅತ್ತಿಗೆ ಅದನ್ನು ಎತ್ತಿಕೊಂಡು ಧುಮುಗುಡುತ್ತ ಬಂದಳು.

"ಏನ್ರೀ ನಿಮ್ಮ ಗಲಾಟೆ! ಈಗ ತಾನೇ ಮಲಗಿಸಿದ್ದೆ. ಇವಳಮ್ಮ ಸ್ನಾನಕ್ಕೆ ಹೋಗಿದ್ದಾಳೆ, ಒಲೆ ಮೇಲೆ ಹಾಲು ಉಕ್ತಾ ಇದೆ. ತಗೊಳ್ಳಿ, ಹಿಡ್ಕೊಳ್ಳಿ."

ಅಣ್ಣ ಗ್ರೀಸು ಮೆತ್ತಿದ ಅಂಗೈಗಳನ್ನು ಎತ್ತಿ ತೋರಿಸಿದ.

"ಇಲ್ಲಿ ಕೊಡಿ ಅತ್ತಿಗೆ," ಅಂದಳು ಸುತ್ತಿಗೆ. ಅತ್ತಿಗೆ ಕ್ಷಣಹೊತ್ತು ಪಿಳಿಪಿಳಿ ಕಣ್ಣು ಬಿಟ್ಟಳು. ಅಷ್ಟರಲ್ಲಿ ಮಗು ಸುತ್ತಿಗೆಯ ತೋಳಿನಲ್ಲಿತ್ತು. ಎರಡು ಸಲ ಬಿಕ್ಕಿ, ಅವಳ ಹೆಬ್ಬೆರಳು ಹಿಡಿದುಕೊಂಡು ಸುಮ್ಮನಾಯಿತು.

ಅವಳು ಮಗುವನ್ನು ಎದೆಗೆ ಒತ್ತಿಕೊಂಡಳು. ಆಮೇಲೆ ಮೆಲ್ಲಗೆ, ಮಗುವಿಗೆ ಕೇಳಿಸದ ಹಾಗೆ ಅಂದಳು:

"ಅಣ್ಣಾ, ನೋಡೋ... ಇವಳು ಮುನಿಸ್ಕೊಳ್ಲೇ ಇಲ್ಲ."