ಒಂದು ರಾತ್ರಿಯ ಶಿಕ್ಷೆ

ದರೋಡೆಗೆ ಹೋಗಿ ಕೊಲೆ ಮಾಡಿದವರಿಗೆ ನಲವತ್ತು ವರ್ಷ ಜೈಲು ಕಡ್ಡಾಯವಾಗಿತ್ತು. ಒಂದು ದಿನ ಕಡಿಮೆ ಮಾಡಲು ನ್ಯಾಯಾಧೀಶರಿಗೂ ಅಧಿಕಾರವಿರಲಿಲ್ಲ. ಆ ಶಿಕ್ಷೆ ಕಳೆಯುತ್ತಿದ್ದದ್ದು ನಿಧಾನಕೋಣೆಯಲ್ಲಿ. ಹೊರಗೆ ನಲವತ್ತು ವರ್ಷ ಉರುಳಿದರೆ ಒಳಗೆ ಒಂದೇ ರಾತ್ರಿ. ಬಿಡುಗಡೆಯ ದಿನ ಗೇಟಿನ ಬಳಿ ಕಾಯಲು ಸಾಮಾನ್ಯವಾಗಿ ಯಾರೂ ಉಳಿದಿರುತ್ತಿರಲಿಲ್ಲ.

ತಿಪ್ಪೇಶನಿಗಾಗಿ ಒಬ್ಬಳು ಕಾದಿದ್ದಳು. ಅವನು ಕೊಂದ ಬೋರಯ್ಯನವರ ಮಗಳು ಇಂದುಮತಿ. ಆಗ ತೊಟ್ಟಿಲ ಕೂಸಾಗಿದ್ದವಳ ತಲೆ ಈಗ ನರೆಯುತ್ತಿತ್ತು. ಬಾಯಿತುಂಬ ಬೈದು ಹೋಗಬೇಕೆಂದೇ ಬಂದಿದ್ದಳು.

ಗೇಟು ತೆರೆಯಿತು. ಮೀಸೆಯೂ ಸರಿಯಾಗಿ ಮೂಡದ ಹುಡುಗ ಹೊರಬಂದು ಬಿಸಿಲಿಗೆ ಕಣ್ಣು ಕಿರಿದು ಮಾಡಿದ.

"ನಾನು ಬೋರಯ್ಯನವರ ಮಗಳು" ಎಂದಳು.

ಅವನು ಕೈಮುಗಿದ. "ಅಮ್ಮಾ, ನಂಗದು ಮೊನ್ನೆ ಮೊನ್ನೆ ನಡ್ದಂಗೈತೆ. ಅವ್ರ ದನಿ ಇನ್ನೂ ಕಿವೀಲೈತೆ."

ಬೈಯಬೇಕೆಂದು ಬಂದದ್ದೇ ಅವಳಿಗೆ ಮರೆತುಹೋಯಿತು. ಅವ್ವನೂ ತೀರಿಹೋದ ಮೇಲೆ, ಅಪ್ಪನ ದನಿ ಬಲ್ಲವರು ಈ ಭೂಮಿಯ ಮೇಲೆ ಇನ್ಯಾರೂ ಇರಲಿಲ್ಲ.

"ಏನಂದ್ರು?"

"ಬೀರು ಬೀಗದಕೈ ತಾವೇ ಕೊಟ್ರು. 'ಮೆಲ್ಲಗಪ್ಪಾ, ಮಗು ಈಗ್ತಾನೆ ಮಲಗೈತೆ' ಅಂದ್ರು. ಆದ್ರೂ ನಾನು..." ಹುಡುಗ ಕುಸಿದು ಕೂತ.

ಇಂದುಮತಿ ಕೈಚೀಲ ಕೆಳಗಿಟ್ಟಳು. ಆಮೇಲೆ ಅವನೆದುರು ನೆಲದ ಮೇಲೇ ಕೂತು, "ಇನ್ನೊಂದ್ಸಲ ಹೇಳು" ಎಂದಳು. "ಅವರು ಹೇಳಿದ ಹಾಗೇ."